ಕನ್ನಡಿಯ ಬೆನ್ನು

1947ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟ ಹತ್ತಿ ಬಂದ ದೂರದರ್ಶಕದ ಗಾಜು 5 ಮೀಟರಿಗಿಂತ ತುಸು ಹೆಚ್ಚು ಅಗಲವಿತ್ತು, 14.5 ಟನ್ ತೂಗುತ್ತಿತ್ತು. ಕಾರ್ನಿಂಗ್ ಕಂಪನಿ ಅದನ್ನು ಪೈರೆಕ್ಸಿನಲ್ಲಿ ಎರಕ ಹೊಯ್ದದ್ದು 1934ರಲ್ಲಿ. ಒಡೆಯದಂತೆ ತಣಿಸುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತು, ಉಜ್ಜಿ ಆಕಾರಕ್ಕೆ ತರುವುದಕ್ಕೆ ವರ್ಷಗಳು ಬೇಕಾದವು, ನಡುವೆ ಒಂದು ಮಹಾಯುದ್ಧ ಬಂದುಹೋಯಿತು. ಇಷ್ಟೆಲ್ಲ ಆದಮೇಲೆ ನಕ್ಷತ್ರದ ಬೆಳಕನ್ನು ತಿರುಗಿಸಿ ಕಳಿಸುವ ಕೆಲಸಕ್ಕೆ ಆ ಗಾಜು ಬರಲಿಲ್ಲ. ಅದರ ಮೇಲೆ ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂ ಪೊರೆ ಬಂತು. ಇಂಥ ಪೊರೆಯ ದಪ್ಪ ಸುಮಾರು 100 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಸುಮಾರು 20 ಚದರ ಮೀಟರಿನ ಮುಖಕ್ಕೆ ಅಷ್ಟು ದಪ್ಪದ ಅಲ್ಯೂಮಿನಿಯಂ ಎಷ್ಟು ಬೇಕೆಂದು ಗುಣಿಸಿ ನೋಡಿದರೆ ಬರುವುದು ಐದೂವರೆ ಗ್ರಾಂ. ಉಳಿದ ಹದಿನಾಲ್ಕೂವರೆ ಟನ್ನಿನ ಕೆಲಸ ಆ ಐದೂವರೆ ಗ್ರಾಂ ಸೊಟ್ಟಗಾಗದಂತೆ ಹಿಡಿದು ನಿಲ್ಲಿಸುವುದು, ಅಷ್ಟೇ.

ಈ ಲೆಕ್ಕದ ಎದುರು ಇನ್ನೊಂದು ಲೆಕ್ಕ ಇಡಬಹುದು. 2025ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರ ಜೊತೆ ಸೇರಿ 6 ಸೆಂಟಿಮೀಟರ್ ಚೌಕದ ಒಂದು ಕನ್ನಡಿ ಮಾಡಿದ್ದನ್ನು ಪ್ರಕಟಿಸಿತು. ಸಿಲಿಕಾನ್ ನೈಟ್ರೈಡ್ ಎಂಬ ಪದಾರ್ಥದ ಹಾಳೆ, ದಪ್ಪ 200 ನ್ಯಾನೊಮೀಟರ್, ಅದರ ತುಂಬ ನೂರು ಕೋಟಿಗೂ ಮೀರಿದ ಸೂಕ್ಷ್ಮ ತೂತುಗಳು. ಹಿಂದೆ ಗಾಜಿಲ್ಲ, ಮುಂದೆ ಲೋಹವಿಲ್ಲ. ತೂತುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಇಡೀ ಹಾಳೆ ಎರಡು ಮಿಲಿಗ್ರಾಂ ಚಿಲ್ಲರೆ. ಇಂಥ ಸುದ್ದಿಯನ್ನು ಹೊಸ ಯುಗದ ಬಾಗಿಲು ತೆರೆಯಿತೆಂಬಂತೆ ಬರೆಯುವುದು ರೂಢಿ. ನನ್ನ ವಾದ ಬೇರೆ. ಬೆಳಕನ್ನು ಹಿಂದಿರುಗಿಸಬಲ್ಲ ತೆಳ್ಳನೆಯ ಚರ್ಮ ಮನುಷ್ಯನ ಕೈಗೆ 1857ರ ಹೊತ್ತಿಗೇ ಸಿಕ್ಕಿತ್ತು. ಅಲ್ಲಿಂದ ಇಲ್ಲಿಯವರೆಗೆ ದೊಡ್ಡ ಕನ್ನಡಿಗಳ ಚರಿತ್ರೆಯನ್ನು ಮುನ್ನಡೆಸಿದ್ದು, ಆ ಚರ್ಮವನ್ನು ಹೊರುವ ಬೆನ್ನನ್ನು ಹೇಗೆ ಕರಗಿಸುವುದು ಎಂಬ ಪ್ರಶ್ನೆ. ಡೆಲ್ಫ್ಟಿನ ಹಾಳೆ ಆ ಪ್ರಶ್ನೆಗೆ ಸದ್ಯಕ್ಕೆ ಸಿಕ್ಕಿರುವ ಅತಿ ತೆಳ್ಳನೆಯ ಉತ್ತರಗಳಲ್ಲೊಂದು, ಮತ್ತು ಆ ಉತ್ತರವೂ ಪೂರ್ತಿಯಲ್ಲ.

ಚರ್ಮ ಬೆನ್ನು ಎರಡೂ ಒಂದೇ ಆಗಿದ್ದ ಕಾಲದಿಂದ ಶುರುಮಾಡಬೇಕು. ವಿಲಿಯಂ ಹರ್ಷೆಲ್ 1785ರ ಅಕ್ಟೋಬರಿನಲ್ಲಿ ತಮ್ಮ 40 ಅಡಿ ಉದ್ದದ ದೂರದರ್ಶಕಕ್ಕಾಗಿ ಲಂಡನ್ನಿನಲ್ಲಿ ಹೊಯ್ಸಿದ ಮೊದಲ ಕನ್ನಡಿ 4 ಅಡಿ ಅಗಲ, 1,023 ಪೌಂಡ್ ತೂಕ. ತಾಮ್ರ, ತವರ ಬೆರೆಸಿದ ಬೆಳ್ಳನೆಯ ಮಿಶ್ರಲೋಹ ಅದು. ನಡುಭಾಗ ಬೇಕಾದ್ದಕ್ಕಿಂತ ತೆಳ್ಳಗೆ ಬಂದಿತ್ತು, ತನ್ನ ಭಾರಕ್ಕೆ ತಾನೇ ಬಾಗಿ ಆಕಾರ ಕಳೆದುಕೊಳ್ಳುತ್ತಿತ್ತು. 1788ರ ಜನವರಿಯಲ್ಲಿ ಹೊಯ್ದ ಇನ್ನೊಂದು ತಣಿಯುವಾಗಲೇ ಬಿರುಕುಬಿಟ್ಟಿತು. ಫೆಬ್ರವರಿಯಲ್ಲಿ ತಾಮ್ರದ ಪಾಲು ಹೆಚ್ಚಿಸಿ ಮತ್ತೆ ಹೊಯ್ದರು. ಈ ಸಲದ್ದು 2,118 ಪೌಂಡ್, ಮೊದಲನೆಯದರ ಎರಡು ಪಟ್ಟಿಗಿಂತ ಹೆಚ್ಚು. ಇಲ್ಲಿ ಒಂದು ವಿವರವನ್ನು ಹತ್ತಿರದಿಂದ ನೋಡಬೇಕು. ಈ ಮಿಶ್ರಲೋಹದಲ್ಲಿ ತವರ ಹೆಚ್ಚಿದಷ್ಟೂ ಹೊಳಪು ಹೆಚ್ಚು, ಆದರೆ ಗಾಜಿನಂತೆ ಒಡೆಯುವ ಗುಣವೂ ಹೆಚ್ಚು. ತಾಮ್ರ ಹೆಚ್ಚಿಸಿದರೆ ಗಟ್ಟಿಯಾಗುತ್ತದೆ, ಬೇಗ ಮಂಕಾಗುತ್ತದೆ. ಹರ್ಷೆಲ್ ಕೊನೆಗೆ ಆರಿಸಿಕೊಂಡದ್ದು ಗಟ್ಟಿತನವನ್ನು. 1789ರಲ್ಲಿ ಆ ಕಾಲದ ಅತಿ ದೊಡ್ಡ ದೂರದರ್ಶಕ ಸಿದ್ಧವಾದಾಗ ಅದರೊಳಗಿದ್ದದ್ದು ಹೊಳಪು ಬಿಟ್ಟುಕೊಟ್ಟು ಬೆನ್ನು ಉಳಿಸಿಕೊಂಡ ಕನ್ನಡಿ.

ಅರ್ಧ ಶತಮಾನದ ಬಳಿಕ ಐರ್ಲೆಂಡಿನ ಪಾರ್ಸನ್ಸ್‌ಟೌನಿನಲ್ಲಿ ಲಾರ್ಡ್ ರಾಸ್ ಇದೇ ದಾರಿಯನ್ನು ಅದರ ಕೊನೆಯವರೆಗೂ ನಡೆದರು. 1845ರ ಅವರ ಕನ್ನಡಿ 6 ಅಡಿ ಅಗಲ, 3 ಟನ್ನಿನ ಆಸುಪಾಸು. ಸುರುಳಿಯಾಕಾರದ ನೀಹಾರಿಕೆಯನ್ನು ಮನುಷ್ಯ ಮೊದಲ ಬಾರಿ ಗುರುತಿಸಿದ್ದು ಅದರಲ್ಲಿ. ಅದೇ ಆಗ ಮೆರುಗು ಕೊಟ್ಟ ಕನ್ನಡಿಯೂ ಬಿದ್ದ ಬೆಳಕಿನ ಮೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತಿತ್ತು. ಐರ್ಲೆಂಡಿನ ತೇವದ ಗಾಳಿಗೆ ಅದೂ ಇಳಿಯುತ್ತಿತ್ತು. ಆದ್ದರಿಂದ ಎರಡು ಕನ್ನಡಿ ಮಾಡಿಸಿ, ಒಂದು ಕೆಲಸದಲ್ಲಿದ್ದಾಗ ಇನ್ನೊಂದಕ್ಕೆ ಮೆರುಗು ಕೊಡಿಸುತ್ತಿದ್ದರು. ಮೆರುಗು ಅಂದರೆ ಬರಿಯ ಒರೆಸುವ ಕೆಲಸವಲ್ಲ. ಹೊಳೆಯುವ ಮುಖವೂ ಆಕಾರ ಹಿಡಿದ ಮುಖವೂ ಒಂದೇ ಲೋಹವಾದ್ದರಿಂದ, ಮಂಕು ತೆಗೆಯಲು ಉಜ್ಜಿದರೆ ಆಕಾರವೂ ಉಜ್ಜಿಹೋಗುತ್ತದೆ. ಪ್ರತಿ ಸಲ ಮೊದಲಿನಿಂದ ಪರೀಕ್ಷೆ ಮಾಡಿ ಆಕಾರ ತರಬೇಕು. ರಾಸ್ ಮನೆಯಲ್ಲೇ ಕುಲುಮೆ, ಯಂತ್ರ, ಆಳು ಎಲ್ಲ ಇದ್ದದ್ದರಿಂದ ಅದು ನಡೆಯಿತು. ಅವೆಲ್ಲ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಮೆಲ್ಬರ್ನ್ ತೋರಿಸಿತು. ಡಬ್ಲಿನ್ನಿನ ಥಾಮಸ್ ಗ್ರಬ್ ಮಾಡಿದ 4 ಅಡಿಯ ಲೋಹದ ಕನ್ನಡಿಗಳು ದಾರಿಯಲ್ಲಿ ಕೆಡದಿರಲೆಂದು ಅರಗಿನ ವಾರ್ನಿಶ್ ಬಳಿಸಿಕೊಂಡು ಆಸ್ಟ್ರೇಲಿಯಕ್ಕೆ ಹಡಗು ಹತ್ತಿದವು. 1869ರಲ್ಲಿ ದೂರದರ್ಶಕ ನಿಂತಿತು. ಕನ್ನಡಿ ಮಂಕಾದಾಗ ಅದನ್ನು ಆಕಾರ ಕೆಡದಂತೆ ಉಜ್ಜಬಲ್ಲವರು ಅಲ್ಲಿ ಇರಲಿಲ್ಲ. ಅಮೆರಿಕದ ಜಾರ್ಜ್ ರಿಚಿ 1904ರಲ್ಲಿ ಈ ಪ್ರಕರಣವನ್ನು ಖಗೋಳ ಉಪಕರಣಗಳ ಚರಿತ್ರೆಯ ದೊಡ್ಡ ದುರಂತಗಳಲ್ಲೊಂದೆಂದು ಬರೆದರು. ಆ ಕನ್ನಡಿಗಳಿಗೆ ಲೋಹ ಸಾಕು ಎಂದು ತೀರ್ಮಾನವಾದ ಹೊತ್ತಿಗೆ ಬೇರೆ ದಾರಿ ತೆರೆದು ವರ್ಷಗಳಾಗಿದ್ದವು ಎಂಬುದು ಇದರ ವ್ಯಂಗ್ಯ.

ಆ ದಾರಿ ತೆರೆದದ್ದು ರಸಾಯನಶಾಸ್ತ್ರಜ್ಞರು. ಪಾದರಸ ಮತ್ತು ತವರದ ಲೇಪದಿಂದ ಮನೆಗನ್ನಡಿ ಮಾಡುತ್ತಿದ್ದ ಕಾರ್ಖಾನೆಗಳಲ್ಲಿ ಕೆಲಸಗಾರರು ಪಾದರಸದ ವಿಷಕ್ಕೆ ಸಿಕ್ಕಿ ನರಳುತ್ತಿದ್ದ ಕಾಲ ಅದು. ಜರ್ಮನಿಯ ಯೂಸ್ಟುಸ್ ಫಾನ್ ಲೀಬಿಗ್, ಬೆಳ್ಳಿಯ ಲವಣದ ದ್ರಾವಣದಿಂದ ಗಾಜಿನ ಮೇಲೆ ಬೆಳ್ಳಿಯನ್ನೇ ಇಳಿಸುವ ವಿಧಾನವನ್ನು ಹದಕ್ಕೆ ತಂದರು. 1856ರಲ್ಲಿ ಮ್ಯೂನಿಕ್ಕಿನ ಸ್ಟೈನ್‌ಹೈಲ್, 1857ರಲ್ಲಿ ಪ್ಯಾರಿಸ್ಸಿನ ಲಿಯೊನ್ ಫೂಕೊ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಅದನ್ನು ದೂರದರ್ಶಕಕ್ಕೆ ತಂದರು. ಮನೆಗನ್ನಡಿಯಲ್ಲಿ ಬೆಳ್ಳಿ ಗಾಜಿನ ಹಿಂದೆ ಇರುತ್ತದೆ, ಇವರು ಮುಂದೆ ಕೂರಿಸಿದರು. ಬೆಳಕು ಗಾಜಿನೊಳಗೆ ಹೋಗುವುದೇ ಇಲ್ಲವಾದ್ದರಿಂದ ಗಾಜು ಶುಭ್ರವಾಗಿರಬೇಕೆಂಬ ನಿಯಮವೂ ಹೋಯಿತು. ಮಂಕಾದ ಬೆಳ್ಳಿಯನ್ನು ಆಮ್ಲದಲ್ಲಿ ತೊಳೆದು ಹೊಸ ಬೆಳ್ಳಿ ಇಳಿಸಿದರೆ ಮುಗಿಯಿತು, ಆಕಾರಕ್ಕೆ ಧಕ್ಕೆಯಿಲ್ಲ. ಫೂಕೊ 80 ಸೆಂಟಿಮೀಟರಿನ ಗಾಜಿಗೆ ಹೀಗೆ ಬೆಳ್ಳಿ ಕೂರಿಸಿ ಮಾಡಿದ ದೂರದರ್ಶಕ 1864ರಲ್ಲಿ ಮಾರ್ಸೇಗೆ ಹೋಯಿತು. ಕನ್ನಡಿಯ ಚರಿತ್ರೆಯಲ್ಲಿ ನಿಜವಾದ ಬಿರುಕು ಇದ್ದರೆ ಅದು ಇಲ್ಲಿದೆ ಎಂದು ನನ್ನ ಎಣಿಕೆ. ಹೊಳೆಯುವ ಹೊಣೆ ಒಬ್ಬರದು, ಆಕಾರ ಕಾಯುವ ಹೊಣೆ ಇನ್ನೊಬ್ಬರದು ಎಂದು ಮನೆ ಪಾಲಾದದ್ದು ಆಗ. ಪಾಲಾದ ಕ್ಷಣದಿಂದ ಚರ್ಮಕ್ಕೆ ನ್ಯಾನೊಮೀಟರಿನ ಲೆಕ್ಕ, ಬೆನ್ನಿಗೆ ಟನ್ನಿನ ಲೆಕ್ಕ.

ಬೆಳ್ಳಿಗೆ ಗಂಧಕದ ಗಾಳಿ ಆಗದು. ಆ ತೊಡಕನ್ನು ಕಳೆದವರು ಕ್ಯಾಲಿಫೋರ್ನಿಯಾದ ಜಾನ್ ಸ್ಟ್ರಾಂಗ್. ನಿರ್ವಾತದಲ್ಲಿ ಟಂಗ್‌ಸ್ಟನ್ ತಂತಿಯ ಸುರುಳಿಗಳಲ್ಲಿ ಅಲ್ಯೂಮಿನಿಯಂ ಕರಗಿಸಿ ಹಬೆಯಾಡಿಸಿದರೆ ಅದು ಎದುರಿನ ಗಾಜಿನ ಮೇಲೆ ಸಮನಾಗಿ ಕೂರುತ್ತದೆ. ಮೇಲ್ಮೈ ತಾನಾಗಿ ಆಕ್ಸೈಡಿನ ತೆಳ್ಳನೆ ಕವಚ ತೊಟ್ಟುಕೊಳ್ಳುವುದರಿಂದ ಬೇಗ ಕೆಡುವುದಿಲ್ಲ. 1935ರಲ್ಲಿ ಮೌಂಟ್ ವಿಲ್ಸನ್ನಿನ 100 ಇಂಚಿನ ಕನ್ನಡಿಗೆ ಈ ಲೇಪ ಬಂತು. ಪಾಲೊಮಾರಿನಲ್ಲಿ ಸ್ಟ್ರಾಂಗ್ ಗಾಜನ್ನು ಶುದ್ಧಮಾಡಲು ತಲೆಗೂದಲಿಗೆ ಹಚ್ಚುವ ಕ್ರೀಮಿನಿಂದ ಮೊದಲು ಒರೆಸಿದ್ದನ್ನು ಕಂಡು ಜೊತೆಗಿದ್ದವರು ಬೆಚ್ಚಿದರಂತೆ. ಗಾಜಿಗೆ ಅಂಟಿದ ಅಷ್ಟಿಷ್ಟು ಕೊಳೆಯನ್ನು ಗೊತ್ತಿರುವ ಜಿಡ್ಡಿಗೆ ಬದಲಾಯಿಸಿಕೊಂಡು, ಆ ಜಿಡ್ಡನ್ನು ವಿದ್ಯುತ್ ವಿಸರ್ಜನೆಯಿಂದ ಸುಟ್ಟುಹಾಕುವುದು ಅವರ ಯುಕ್ತಿ.

ಅದಾದಮೇಲೆ ಚರ್ಮದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ, ಬೆನ್ನಿನ ಕಡೆ ಆಯಿತು. ಜೆರ್ರಿ ನೆಲ್ಸನ್ ಹವಾಯಿಯ ಕೆಕ್ ದೂರದರ್ಶಕಕ್ಕೆ ಒಂದೇ ಗಾಜಿನ ಬದಲು 36 ತುಂಡುಗಳನ್ನು ಜೋಡಿಸಿದರು, ಒಂದೊಂದೂ 1.8 ಮೀಟರ್ ಅಗಲ, 7.5 ಸೆಂಟಿಮೀಟರ್ ದಪ್ಪ, 400 ಕಿಲೊ. ಒಟ್ಟು ಗಾಜು 14.4 ಟನ್. ಹೆಚ್ಚುಕಡಿಮೆ ಪಾಲೊಮಾರಿನಷ್ಟೇ ಗಾಜು, ಆದರೆ ಕನ್ನಡಿಯ ಅಗಲ ಎರಡರಷ್ಟು, ಹರವು ನಾಲ್ಕರಷ್ಟು. ಕಡಿಮೆಯಾದ ಗಾಜಿನ ಗಟ್ಟಿತನವನ್ನು ತುಂಬಿಕೊಟ್ಟದ್ದು ತುಂಡುಗಳ ಅಂಚಿನಲ್ಲಿರುವ ಸಂವೇದಕಗಳು ಮತ್ತು ಅವು ಹೇಳಿದಂತೆ ತುಂಡುಗಳನ್ನು ಕದಲಿಸುವ ಕಂಪ್ಯೂಟರ್. ಈ ಪರಂಪರೆಯ ಒಂದು ಎಳೆ ಬೆಂಗಳೂರಿನ ಪಕ್ಕಕ್ಕೂ ಬಂದಿದೆ. ಮೂವತ್ತು ಮೀಟರ್ ದೂರದರ್ಶಕದ 492 ತುಂಡುಗಳಲ್ಲಿ ಒಂದು ಪಾಲನ್ನು ಉಜ್ಜುವುದಕ್ಕೆ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಕಾರ್ಯಾಗಾರ ಕಟ್ಟಿದೆ, 1.44 ಮೀಟರ್ ಅಗಲದ ಆ ಗಾಜಿನ ದಪ್ಪ ನಾಲ್ಕೂವರೆ ಸೆಂಟಿಮೀಟರ್. ಇನ್ನೂ ತೆಳ್ಳಗಿನವೂ ಇವೆ. ಗಾಳಿಯ ತುಯ್ದಾಟವನ್ನು ಸರಿಪಡಿಸಲು ಸೆಕೆಂಡಿಗೆ ನೂರಾರು ಸಲ ಆಕಾರ ಬದಲಿಸುವ ಕನ್ನಡಿಗಳು ಮೀಟರ್ ಅಗಲಕ್ಕೆ ಎರಡು ಮಿಲಿಮೀಟರಿಗಿಂತ ತೆಳ್ಳಗೆ ಇಳಿದಿವೆ, ಅವುಗಳ ಹಿಂದೆ ಸಾವಿರದಷ್ಟು ಕಾಂತಗಳು ದುಡಿಯುತ್ತವೆ. 2021ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ 18 ಬೆರಿಲಿಯಂ ತುಂಡುಗಳ ಮೇಲಿರುವ ಚಿನ್ನ ಎಲ್ಲ ಸೇರಿ 50 ಗ್ರಾಂ ಮುಟ್ಟುವುದಿಲ್ಲ. ಬೆನ್ನು ತೆಳ್ಳಗಾದಂತೆಲ್ಲ ಅದರ ಕೆಲಸ ಬೇರೆ ಯಾವುದಕ್ಕೋ ವರ್ಗವಾಯಿತೇ ಹೊರತು ಇಲ್ಲವಾಗಲಿಲ್ಲ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಬೆಳ್ಳಿ, ಅಲ್ಯೂಮಿನಿಯಂ, ಚಿನ್ನ ಎಲ್ಲ ಲೋಹಗಳು. ಡೆಲ್ಫ್ಟಿನ ಹಾಳೆ ಲೋಹವಲ್ಲ. ಅದು ತಯಾರಾದ ಪದಾರ್ಥ ಪಾರದರ್ಶಕ. ಪದಾರ್ಥದಿಂದ ಬರದ ಹೊಳಪನ್ನು ರಚನೆಯಿಂದ ಬರಿಸುವುದು ಬೇರೆಯೇ ಭೌತಶಾಸ್ತ್ರ, ಅದನ್ನು ಫೂಕೊ ವಂಶಕ್ಕೆ ಸೇರಿಸುವುದು ತಪ್ಪು ಎನ್ನಬಹುದು. ಭೌತಶಾಸ್ತ್ರ ಬೇರೆ ಎಂಬುದು ನಿಜ, ಹೊಸದು ಎಂಬುದು ನಿಜವಲ್ಲ. ಪೊಟ್ಯಾಸಿಯಂ ಕ್ಲೋರೇಟಿನ ಕೆಲವು ಹರಳುಗಳು ಬಣ್ಣವೇ ಇಲ್ಲದ ಪದಾರ್ಥವಾಗಿದ್ದೂ ಒಂದು ಕೋನದಲ್ಲಿ ಝಗಮಗಿಸುವುದನ್ನು ಇಂಗ್ಲೆಂಡಿನ ಸ್ಟೋಕ್ಸ್ 1885ರಲ್ಲಿ ವರದಿ ಮಾಡಿದರು. ಲಾರ್ಡ್ ರೇಲಿ ಅದನ್ನು ವಿವರಿಸಿದರು: ಹರಳಿನೊಳಗೆ ಸಮಾನ ಅಂತರದಲ್ಲಿ ಪದರಗಳಿದ್ದರೆ, ಒಂದೊಂದು ಪದರವೂ ಹಿಂದೆ ಕಳಿಸುವ ಬೆಳಕು ತೀರಾ ಕಡಿಮೆಯಾದರೂ, ಆ ಚೂರುಗಳೆಲ್ಲ ಹೆಜ್ಜೆಗೆ ಹೆಜ್ಜೆ ಹೊಂದಿ ಕೂಡಿಕೊಂಡಾಗ ಬೆಳಕು ಮುಂದೆ ಹೋಗಲಾರದು. ಇದೇ ಕ್ಲೋರೇಟ್ ಹರಳುಗಳನ್ನು ಬೆಂಗಳೂರಿನ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದ ಆರಂಭದಲ್ಲಿ ಸಿ. ವಿ. ರಾಮನ್ ಮತ್ತೆ ಕೈಗೆತ್ತಿಕೊಂಡರು. ಅದಕ್ಕೂ ಮುಂಚೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗಲೇ, ಚಿಪ್ಪುಗಳ ಹೊಳಪಿನ ಬೆನ್ನು ಹತ್ತಿದ್ದರು. ಆಮೇಲೆ ಓಪಲ್ ರತ್ನದ ಬಣ್ಣದಾಟಕ್ಕೂ ಕೈಹಾಕಿದರು. ಓಪಲ್ಲಿನ ಒಳಗಿರುವುದು ಪದರಗಳೆಂಬ ಅವರ ಊಹೆ ನಿಲ್ಲಲಿಲ್ಲ. 1964ರಲ್ಲಿ ಆಸ್ಟ್ರೇಲಿಯದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಾಲಾಗಿ ಒಟ್ಟಿದ ಸಿಲಿಕಾ ಗುಂಡುಗಳು ಕಂಡವು. ಆದರೆ ಹೊಳಪಿಗೆ ಕಾರಣ ಪದಾರ್ಥವಲ್ಲ, ಕ್ರಮಬದ್ಧ ಜೋಡಣೆ ಎಂಬ ಅವರ ದಿಕ್ಕು ಸರಿಯಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾಚೆ, 1987ರಲ್ಲಿ, ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಮೂರು ಆಯಾಮದಲ್ಲಿ ಬೆಳಕಿಗೆ ದಾರಿ ಮುಚ್ಚುವ ಕಟ್ಟಡಗಳ ಕಲ್ಪನೆ ಮುಂದಿಟ್ಟರು, ಆಮೇಲೆ ಅದಕ್ಕೆ ಫೋಟಾನಿಕ್ ಹರಳು ಎಂಬ ಹೆಸರು ನಿಂತಿತು.

ಪ್ರಯೋಗಶಾಲೆಯ ಕನ್ನಡಿಗೆ ಈ ತತ್ವ ಬಂದದ್ದು ಪದರಗಳ ರೂಪದಲ್ಲಿ. ಹಸಿರು ಬೆಳಕಿನ 500 ನ್ಯಾನೊಮೀಟರ್ ತರಂಗಕ್ಕೆ ಕನ್ನಡಿ ಬೇಕೆಂದರೆ ಟೈಟಾನಿಯಂ ಆಕ್ಸೈಡ್ ಸುಮಾರು 52, ಅದರ ಮೇಲೆ ಸಿಲಿಕಾ ಸುಮಾರು 86 ನ್ಯಾನೊಮೀಟರ್, ಹೀಗೆ ಒಂದಾದ ಮೇಲೊಂದು ಹತ್ತಾರು ಸಲ. ಪದರ ಹೆಚ್ಚಿದಂತೆ ಸೋರುವ ಬೆಳಕು ಕಡಿಮೆಯಾಗುತ್ತದೆ. 1960ರ ಕೊನೆಯಲ್ಲಿ ಬೆಳಗಿದ ಮೊದಲ ಅನಿಲ ಲೇಸರಿಗೆ ಬೆಳ್ಳಿಯ ಕನ್ನಡಿ ಸಾಕಾಗುತ್ತಿರಲಿಲ್ಲ, ಇಂಥ ಪದರಗನ್ನಡಿಯೇ ಬೇಕಾಯಿತು. 1992ರಲ್ಲಿ ಕ್ಯಾಲ್‌ಟೆಕ್‌ನವರು ಅಳೆದ ಕನ್ನಡಿಯೊಂದು ಹತ್ತು ಲಕ್ಷ ಪಾಲು ಬೆಳಕಿನಲ್ಲಿ ಎರಡು ಪಾಲನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಹೊಳಪಿನ ಸಮಸ್ಯೆ ಅಲ್ಲಿಗೆ ಬಹುಮಟ್ಟಿಗೆ ಮುಗಿದ ಅಧ್ಯಾಯ. ಆದರೂ ಆ ಪದರಗಳು ಕೂತದ್ದು ದಪ್ಪನೆಯ ಗಾಜಿನ ಮೇಲೆ. ಗುರುತ್ವ ತರಂಗವನ್ನು 2015ರಲ್ಲಿ ಹಿಡಿದ ಲೈಗೊ ಕನ್ನಡಿಗಳನ್ನೇ ನೋಡಿ: 34 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪ, 40 ಕಿಲೊ ಸಿಲಿಕಾ ಗಾಜು; ಮೇಲೆ ಕೆಲವೇ ಮೈಕ್ರೊಮೀಟರ್ ಪದರ. ಇಲ್ಲಿ ನನ್ನ ವಾದಕ್ಕೆ ಒಂದು ತಿರುವು ಸಿಗುತ್ತದೆಂದು ಒಪ್ಪಬೇಕು. ಆ ಉಪಕರಣದ ಸೂಕ್ಷ್ಮತೆಗೆ ಮಿತಿ ಹಾಕುವ ಮುಖ್ಯ ಗದ್ದಲಗಳಲ್ಲೊಂದು 40 ಕಿಲೊ ಗಾಜಿನದಲ್ಲ, ಪದರಗಳ ಪರಮಾಣುಗಳು ಬಿಸಿಗೆ ಮಾಡುವ ಮಿಡುಕಾಟದ್ದು. ಅಲ್ಲಿ ತೊಂದರೆಗೊಂಡದ್ದು ಚರ್ಮವೇ. ಆದರೆ ಅದು ಹೊಳಪಿನ ಕೊರತೆಯಿಂದ ಬಂದ ತೊಂದರೆಯಲ್ಲ, ಸದ್ದಿಲ್ಲದೆ ನಿಲ್ಲಲಾರದ ತೊಂದರೆ. ನಿಲ್ಲುವ ಪ್ರಶ್ನೆ ಬೆನ್ನಿನಿಂದ ಚರ್ಮಕ್ಕೆ ದಾಟಿತು, ಅಷ್ಟೇ.

ನ್ಯಾನೊ ರಚನೆಯ ದೊಡ್ಡ ಕನ್ನಡಿ ಎಂದರೆ ಇನ್ನೂ ಆಗಬೇಕಾದ ಸಂಗತಿ ಎಂದುಕೊಳ್ಳುವವರಿಗೆ ಒಂದು ಮಾತು. ಎಲ್‌ಸಿಡಿ ಪರದೆಯ ಹಿಂಬದಿಯ ದೀಪದ ಬೆಳಕನ್ನು ಮುಂದಕ್ಕೆ ತಳ್ಳಲು ಪ್ಲಾಸ್ಟಿಕ್ಕಿನ ಕನ್ನಡಿಹಾಳೆ ಬಳಸುತ್ತಾರೆ. ಎರಡು ಬಗೆಯ ಪ್ಲಾಸ್ಟಿಕ್ಕನ್ನು ನೂರಾರು ಪದರವಾಗಿ ಒಟ್ಟಿಗೆ ಹಿಂಡಿ, ಎಳೆದು, ಪದರಗಳನ್ನು ಬೆಳಕಿನ ತರಂಗದ ಅಳತೆಗೆ ತೆಳುಮಾಡುವ ಈ ತಂತ್ರವನ್ನು 3ಎಂ ಕಂಪನಿಯ ಸಂಶೋಧಕರು 2000ದಲ್ಲಿ ವಿವರಿಸಿದರು. ಲೋಹದ ಒಂದು ಕಣವಿಲ್ಲದೆ ಅದು ನೂರಕ್ಕೆ 98ಕ್ಕೂ ಮೀರಿ ಬೆಳಕು ಹಿಂದಿರುಗಿಸುತ್ತದೆ, ಸುರುಳಿ ಸುರುಳಿಯಾಗಿ ಕಾರ್ಖಾನೆಯಿಂದ ಹೊರಬರುತ್ತದೆ. ದೊಡ್ಡದು, ತೆಳ್ಳಗಿನದು, ಹೊಳೆಯುವಂಥದು ಮೂರೂ ಹೌದು. ಆದರೂ ಅದರಿಂದ ದೂರದರ್ಶಕವಾಗದು, ಏಕೆಂದರೆ ಅದು ನೆಟ್ಟಗೆ ನಿಲ್ಲದು. ಬೆಳಕಿನ ತಳ್ಳಿನಿಂದ ಓಡುವ ಬಾಹ್ಯಾಕಾಶದ ನೌಕೆಯ ಹಾಯಿಯೂ ಆಗದು, ಏಕೆಂದರೆ ನೂರಾರು ಪದರದ ಪ್ಲಾಸ್ಟಿಕ್ ಆ ಕೆಲಸಕ್ಕೆ ಭಾರ.

ಹಾಯಿಯ ಮಾತು ಬಂದಲ್ಲಿಗೆ ಬೆನ್ನಿನ ಪ್ರಶ್ನೆ ಬೆತ್ತಲಾಗುತ್ತದೆ. ಬೆಳಕು ತಳ್ಳುತ್ತದೆ ಎಂದು ಮ್ಯಾಕ್ಸ್‌ವೆಲ್ 1873ರಲ್ಲಿ ಲೆಕ್ಕ ಹಾಕಿದ್ದರು, ಮಾಸ್ಕೊದ ಲೆಬೆದೆವ್ 1900ರ ಸುಮಾರಿಗೆ ಅಳೆದು ತೋರಿಸಿದರು. ಭೂಮಿಯ ದೂರದಲ್ಲಿ ಸೂರ್ಯನಿಗೆ ಮುಖ ಮಾಡಿದ ಒಂದು ಚದರ ಕಿಲೊಮೀಟರ್ ಕನ್ನಡಿಯ ಮೇಲೆ ಬೀಳುವ ಒತ್ತು 9 ನ್ಯೂಟನ್. ನೆಲದ ಮೇಲೆ ಒಂದು ಕಿಲೊ ಸಕ್ಕರೆ ಕೈಗೆ ಕೊಡುವ ಭಾರಕ್ಕಿಂತ ತುಸು ಕಡಿಮೆ. ಇಷ್ಟು ಸಣ್ಣ ತಳ್ಳಿನಿಂದ ಏನಾದರೂ ಕದಲಬೇಕಾದರೆ ಕನ್ನಡಿಗೆ ತೂಕವೇ ಇರಬಾರದು. 1993ರ ಫೆಬ್ರವರಿಯಲ್ಲಿ ರಷ್ಯದ ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ತಂಡ ಪ್ರೊಗ್ರೆಸ್ ನೌಕೆಯ ತುದಿಯಲ್ಲಿ 20 ಮೀಟರ್ ಅಗಲದ ಜ್ನಾಮ್ಯಾ ಎಂಬ ಕನ್ನಡಿ ಬಿಚ್ಚಿತು. ಅಲ್ಯೂಮಿನಿಯಂ ಹಚ್ಚಿದ, 5 ಮೈಕ್ರೊಮೀಟರ್ ದಪ್ಪದ ಹಾಳೆ. ಅದನ್ನು ಬಿಡಿಸಿ ನೆಟ್ಟಗೆ ಹಿಡಿದದ್ದು ಗರಗರ ತಿರುಗಿಸಿದ ಸೆಳೆತ. ಅದು ಎಸೆದ 5 ಕಿಲೊಮೀಟರ್ ಅಗಲದ ಬೆಳಕಿನ ಮಚ್ಚೆ ಮುಂಜಾನೆಯ ಕತ್ತಲಲ್ಲಿ ಯುರೋಪನ್ನು ದಾಟಿಹೋಯಿತು. 1999ರಲ್ಲಿ 25 ಮೀಟರಿನದನ್ನು ಬಿಚ್ಚಲು ಹೋದಾಗ ಹಾಳೆ ನೌಕೆಯ ಆಂಟೆನಾಕ್ಕೆ ಸಿಕ್ಕಿ ಹರಿಯಿತು, ಯೋಜನೆ ನಿಂತಿತು. ಕನ್ನಡಿಯ ಹೊಳಪಿನಲ್ಲಿ ಯಾವ ದೋಷವೂ ಇರಲಿಲ್ಲ. 2010ರಲ್ಲಿ ಜಪಾನಿನ ಇಕರೋಸ್ ನೌಕೆ ಏಳೂವರೆ ಮೈಕ್ರೊಮೀಟರಿನ ಹಾಯಿಯನ್ನು ತಿರುಗಿಸಿಯೇ ಬಿಡಿಸಿ ಸೂರ್ಯನ ಬೆಳಕಿನಿಂದ ನಿಜವಾಗಿ ವೇಗ ಪಡೆಯಿತು. ಈ ಹಾಯಿಗಳಲ್ಲೂ ಹೊಳೆಯುವ ಅಲ್ಯೂಮಿನಿಯಂ ಪೊರೆ ಹಾಳೆಯ ಒಂದು ಸಣ್ಣ ಪಾಲು, ಉಳಿದದ್ದು ಅದನ್ನು ಹೊತ್ತ ಪ್ಲಾಸ್ಟಿಕ್. ಹದಿನಾಲ್ಕೂವರೆ ಟನ್ ಎಲ್ಲಿ, ಐದು ಮೈಕ್ರೊಮೀಟರ್ ಎಲ್ಲಿ. ಆದರೂ ಕುದುರೆಗಿಂತ ಲಾಯವೇ ದೊಡ್ಡದು ಎಂಬ ಸ್ಥಿತಿ ತಪ್ಪಲಿಲ್ಲ.

ಪ್ಲಾಸ್ಟಿಕ್ಕನ್ನೂ ಬಿಟ್ಟುಕೊಡಬೇಕು ಎಂಬ ಒತ್ತಡ ತಂದದ್ದು 2016ರ ಏಪ್ರಿಲ್‌ನಲ್ಲಿ ಯೂರಿ ಮಿಲ್ನರ್, ಸ್ಟೀಫನ್ ಹಾಕಿಂಗ್ ಪ್ರಕಟಿಸಿದ ಸ್ಟಾರ್‌ಶಾಟ್ ಕಲ್ಪನೆ. ಗ್ರಾಂ ತೂಕದ, ನಾಲ್ಕು ಮೀಟರ್ ಆಸುಪಾಸಿನ ಹಾಯಿಯನ್ನು ನೆಲದ ಮೇಲಿನ 100 ಗಿಗಾವಾಟ್ ಲೇಸರಿನಿಂದ ಕೆಲವು ನಿಮಿಷಗಳಲ್ಲಿ ಬೆಳಕಿನ ವೇಗದ ಐದರಲ್ಲೊಂದಕ್ಕೆ ಏರಿಸಿ ಆಲ್ಫಾ ಸೆಂಟಾರಿಯತ್ತ ಕಳಿಸುವುದು. ಕನ್ನಡಿಯೊಳಗಿನ ಗಂಟು ಎಂದು ನಕ್ಕು ತಳ್ಳಿಹಾಕಬಹುದು. ಅಂಥ ಲೇಸರ್ ಎಲ್ಲೂ ಇಲ್ಲ, ಹಾಯಿ ಹಾರಿಲ್ಲ. ಆದರೆ ಚರಿತ್ರೆ ಬರೆಯುವವರಿಗೆ ಗುರಿ ಮುಟ್ಟಿತೇ ಎಂಬುದಕ್ಕಿಂತ, ಗುರಿ ಇಟ್ಟುಕೊಂಡವರ ಕೈ ಎತ್ತ ತಿರುಗಿತು ಎಂಬುದು ಮುಖ್ಯ. ಈ ಗುರಿ ಲೋಹವನ್ನು ಹೊರಗಟ್ಟಿತು. ಅಲ್ಯೂಮಿನಿಯಂ ಹಿಂದಿರುಗಿಸದ ಬೆಳಕೆಲ್ಲ ಅದರೊಳಗೇ ಬಿಸಿಯಾಗುತ್ತದೆ. ಹತ್ತು ಚದರ ಮೀಟರಿನ ಮೇಲೆ 100 ಗಿಗಾವಾಟ್ ಬಿದ್ದರೆ, ನೂರರಲ್ಲಿ ಒಂದು ಪಾಲು ಹೀರಿದರೂ ಚದರ ಮೀಟರಿಗೆ ಹತ್ತು ಕೋಟಿ ವಾಟ್, ಕ್ಷಣದಲ್ಲಿ ಆವಿ. ಹಾಗಾದರೆ ಹೊಳಪೇ ಮುಖ್ಯವಾಯಿತಲ್ಲ ಎಂಬ ಎರಡನೆಯ ಆಕ್ಷೇಪ ಇಲ್ಲಿ ಬರುತ್ತದೆ. ಇಲ್ಲ, ಮುಖ್ಯವಾದದ್ದು ಹೀರದಿರುವುದು. ಸಿಲಿಕಾನ್ ನೈಟ್ರೈಡ್ ಹಿಂದಿರುಗಿಸದ ಬೆಳಕನ್ನು ತನ್ನ ಮೂಲಕ ಹಾಯಲು ಬಿಡುತ್ತದೆ, ನುಂಗುವುದು ಅತ್ಯಲ್ಪ. ಇನ್ನಷ್ಟು ಪದರ ಸೇರಿಸಿ ಹೊಳಪು ಹೆಚ್ಚಿಸಿದರೆ ತೂಕ ಹೆಚ್ಚಿ ವೇಗ ಕುಂದುತ್ತದೆ, ಆದ್ದರಿಂದ ವಿನ್ಯಾಸಕಾರರು ತಕ್ಕಡಿಯಲ್ಲಿ ಇಡುವುದು ಹೊಳಪನ್ನೊಂದೇ ಅಲ್ಲ, ಬೇಕಾದ ವೇಗ ಮುಟ್ಟಲು ಎಷ್ಟು ದೂರ ಲೇಸರ್ ಬೆನ್ನಟ್ಟಬೇಕಾದೀತು ಎಂಬುದನ್ನು. ಸ್ವಲ್ಪ ಮಂಕಾದ ಹಗುರ ಕನ್ನಡಿ ಪೂರ್ತಿ ಹೊಳೆಯುವ ಭಾರದ ಕನ್ನಡಿಯನ್ನು ಇಲ್ಲಿ ಸೋಲಿಸುತ್ತದೆ.

ಒಂದೇ ಪದರದ ಪಾರದರ್ಶಕ ಹಾಳೆಯಲ್ಲಿ ತೂತು ಕೊರೆದರೆ ಅದು ಕನ್ನಡಿಯಾಗುವುದು ಹೇಗೆ? ಬಿದ್ದ ಬೆಳಕಿನ ಒಂದು ಪಾಲು ನೇರ ಹಾಯುತ್ತದೆ. ಇನ್ನೊಂದು ಪಾಲನ್ನು ತೂತುಗಳ ಕ್ರಮಬದ್ಧ ಸಾಲು ಅಡ್ಡಕ್ಕೆ ತಿರುಗಿಸಿ ಹಾಳೆಯೊಳಗೇ ಓಡಿಸುತ್ತದೆ. ಅದು ಸ್ವಲ್ಪ ತಡೆದು ಎರಡೂ ಕಡೆಗೆ ಸೋರುತ್ತದೆ. ಅಳತೆ ಸರಿಯಾಗಿದ್ದರೆ ಮುಂದಕ್ಕೆ ಸೋರಿದ್ದು ನೇರ ಹಾದದ್ದಕ್ಕೆ ಎದುರಾಗಿ ಬಿದ್ದು ಎರಡೂ ಅಳಿಯುತ್ತವೆ, ಬೆಳಕಿಗೆ ಹಿಂದಿರುಗುವುದಲ್ಲದೆ ದಾರಿಯಿಲ್ಲ. ಗೀರುಗೀರಿನ ಲೋಹದ ಫಲಕಗಳಲ್ಲಿ ಇಂಥ ವಿಚಿತ್ರ ಏರಿಳಿತವನ್ನು ರಾಬರ್ಟ್ ವುಡ್ 1902ರಲ್ಲೇ ಕಂಡಿದ್ದರು. ಶಾನ್‌ಹುಯಿ ಫಾನ್ ಮತ್ತು ಜೊಆನೊಪೌಲಸ್ ತೂತಿನ ಹಾಳೆಗಳಿಗೆ ಅದರ ಲೆಕ್ಕವನ್ನು 2002ರಲ್ಲಿ ಕೊಟ್ಟರು. ಹಾಯಿಗೆ ಒಂದು ಹೆಚ್ಚಿನ ತೊಡಕಿದೆ: ಬೆಳಕಿನ ಐದರಲ್ಲೊಂದು ವೇಗದಲ್ಲಿ ಓಡುವ ಕನ್ನಡಿಗೆ ಹಿಂದಿನಿಂದ ಬರುವ ಲೇಸರಿನ ತರಂಗ ನೂರಕ್ಕೆ 22ರಷ್ಟು ಉದ್ದವಾಗಿ ಕಾಣುತ್ತದೆ. ಒಂದೇ ಬಣ್ಣಕ್ಕೆ ಹೊಂದಿಸಿದ ಕನ್ನಡಿ ನಡುದಾರಿಯಲ್ಲಿ ಕುರುಡಾಗುತ್ತದೆ. ಬ್ರೌನ್ ಮತ್ತು ಡೆಲ್ಫ್ಟ್ ತಂಡಗಳು ತೂತಿನ ಆಕಾರ ಜೋಡಣೆಗಳನ್ನು ನರಜಾಲದ ಗಣನೆಯಿಂದ ಹುಡುಕಿಸಿದಾಗ ಸಿಕ್ಕಿದ್ದು ಐದು ಮೂಲೆಯ ಜಾಲರಿ ವಿನ್ಯಾಸ.

ವಿನ್ಯಾಸಕ್ಕಿಂತ ನನಗೆ ಹೆಚ್ಚು ಮಹತ್ವದ್ದೆನಿಸುವುದು ಅದನ್ನು ಮಾಡಿದ ರೀತಿ. ಎಲೆಕ್ಟ್ರಾನ್ ಕಿರಣದಿಂದ ತೂತು ತೂತಾಗಿ ಬರೆದರೆ ಇಷ್ಟು ದೊಡ್ಡ ಹಾಳೆಗೆ 15 ವರ್ಷ ಬೇಕಾಗುತ್ತಿತ್ತು, ಚಿಪ್ ಕಾರ್ಖಾನೆಗಳ ಬೆಳಕಿನ ಮುದ್ರಣದಿಂದ ಒಂದು ದಿನ ಸಾಕಾಯಿತು ಎಂಬುದು ತಂಡದ ಲೆಕ್ಕ. ಮೊದಲು ಸಿಲಿಕಾನ್ ಬಿಲ್ಲೆಯ ಮೇಲೆ ನೈಟ್ರೈಡ್ ಬೆಳೆಸುತ್ತಾರೆ, ತೂತು ಕೊರೆಯುತ್ತಾರೆ, ಆಮೇಲೆ ಅಡಿಯ ಸಿಲಿಕಾನನ್ನು ತಿಂದುಹಾಕಬೇಕು. ದ್ರವದಿಂದ ತಿನ್ನಿಸಿದರೆ ಒಣಗುವಾಗ ಅದರ ಎಳೆತಕ್ಕೇ ಹಾಳೆ ಹರಿಯುತ್ತದೆ. ಹಾಗಾಗಿ ಅನಿಲದಿಂದ ತಿನ್ನಿಸುತ್ತಾರೆ. ಸಿಲಿಕಾನ್ ಮಾಯವಾದ ಮೇಲೆ 200 ನ್ಯಾನೊಮೀಟರಿನ ಹಾಳೆ ತನ್ನ ದಪ್ಪದ ಮೂರು ಲಕ್ಷ ಪಟ್ಟು ಅಗಲಕ್ಕೆ ಮುದುಡದೆ ಚಾಚಿ ನಿಲ್ಲುತ್ತದೆ. ನಿಲ್ಲಿಸುವುದು ಗಟ್ಟಿತನವಲ್ಲ, ಬಿಗಿತ. ಬಹಳ ಬಿಸಿಯಲ್ಲಿ, 800 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಸಿದ ನೈಟ್ರೈಡಿನೊಳಗೆ ಹುಟ್ಟಿನಿಂದಲೇ ಗಿಗಾಪಾಸ್ಕಲ್ ಮಟ್ಟದ ಸೆಳೆತ ಉಳಿದಿರುತ್ತದೆ, ಅಂಚಿನ ಸಿಲಿಕಾನ್ ಚೌಕಟ್ಟು ಅದಕ್ಕೆ ಎದುರು ನಿಂತಿರುತ್ತದೆ. ಫೂಕೊ ಕಾಲದಲ್ಲಿ ಪಾಲಾದ ಮನೆ ಇಲ್ಲಿ ಮತ್ತೆ ಒಂದಾಗಿದೆ, ಹೊಳೆಯುವುದೂ ಆಕಾರ ಕಾಯುವುದೂ ಒಂದೇ ಹಾಳೆ. ಅಂಚನ್ನು ಕತ್ತರಿಸಿ ಬಿಟ್ಟರೆ ಮಾತ್ರ ಬಿಗಿತ ಹೋಗುತ್ತದೆ. ಲೇಸರಿನ ಮೇಲೆ ಸವಾರಿ ಹೊರಟ ಹಾಯಿಗೆ ತಿರುಗುವಿಕೆಯಿಂದಲೋ ಇನ್ನಾವುದರಿಂದಲೋ ಅದನ್ನು ಮತ್ತೆ ಕೊಡಬೇಕು. ಕ್ಯಾಲ್‌ಟೆಕ್ಕಿನ ಹ್ಯಾರಿ ಅಟ್‌ವಾಟರ್ ಅವರ ಗುಂಪು ಅದೇ 2025ರಲ್ಲಿ 50 ನ್ಯಾನೊಮೀಟರ್ ದಪ್ಪದ, ಮಿಲಿಮೀಟರಿನ ಇಪ್ಪತ್ತೈದರಲ್ಲೊಂದರಷ್ಟು ಅಗಲದ ಹಾಳೆಯ ಮೇಲೆ ಲೇಸರಿನ ತಳ್ಳುವಿಕೆಯನ್ನು ನೇರವಾಗಿ ಅಳೆದದ್ದು ಈ ಪ್ರಶ್ನೆಯ ಕಡೆಗೆ ಇಟ್ಟ ಸಣ್ಣ ಹೆಜ್ಜೆ.

ಆರು ಸೆಂಟಿಮೀಟರಿನಿಂದ ಕೆಲವು ಮೀಟರಿಗೆ ಹೋಗುವ ದಾರಿಯಲ್ಲಿ ಎದುರಾಗುವುದು ಮತ್ತೆ ಬೆನ್ನೇ, ಈ ಸಲ ಹುಟ್ಟುವಾಗಿನ ಬೆನ್ನು. ಚಿಪ್ ಕಾರ್ಖಾನೆಗಳ ಅತಿ ದೊಡ್ಡ ಸಿಲಿಕಾನ್ ಬಿಲ್ಲೆ 30 ಸೆಂಟಿಮೀಟರ್ ಅಗಲ. ಟಿವಿ ಪರದೆಯ ಕಾರ್ಖಾನೆಗಳಲ್ಲಿ ಸುಮಾರು 3 ಮೀಟರ್ ಅಗಲದ ಗಾಜುಗಳ ಮೇಲೆ ಸೂಕ್ಷ್ಮ ಮುದ್ರಣ ದಿನನಿತ್ಯ ನಡೆಯುತ್ತದೆ, ಸಿಲಿಕಾನ್ ನೈಟ್ರೈಡ್ ಕೂಡ ಅಲ್ಲಿ ಪರಿಚಿತ ಪದಾರ್ಥ. ಆದರೆ ಆ ಗಾಜು 800 ಡಿಗ್ರಿ ತಾಳದು. ಅದಕ್ಕೇ ಅಲ್ಲಿ ನೈಟ್ರೈಡನ್ನು ಪ್ಲಾಸ್ಮಾ ನೆರವಿನಿಂದ ಅರ್ಧಕ್ಕೂ ಕಡಿಮೆ ಬಿಸಿಯಲ್ಲಿ ಕೂರಿಸುತ್ತಾರೆ. ಹಾಗೆ ಬಂದ ಪೊರೆಯಲ್ಲಿ ಆ ಹುಟ್ಟು ಬಿಗಿತ ಇರುವುದಿಲ್ಲ, ಒಳಗೆ ಸಿಕ್ಕಿಕೊಂಡ ಹೈಡ್ರೋಜನ್ ಅವಗೆಂಪು ಬೆಳಕನ್ನು ಒಂದಿಷ್ಟು ಹೀರುತ್ತದೆ ಕೂಡ. ಮೀಟರುಗಟ್ಟಲೆ ಅಗಲವಾಗಿ ಸಮತಟ್ಟಾಗಿದ್ದು, ಕುಲುಮೆಯ ಬಿಸಿಯನ್ನು ತಾಳಿ, ಕೆಲಸ ಮುಗಿದ ಮೇಲೆ ಹಾಳೆಯನ್ನು ಮುಟ್ಟದೆ ಕರಗಿಹೋಗುವ ಹಾಸು ಬೇಕು. ಅಂಥದ್ದು ಸಿಗುವವರೆಗೆ 30 ಸೆಂಟಿಮೀಟರಿನ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸುವ ದಾರಿಯೊಂದು ಉಳಿದಿದೆ, ಆ ಕೂಡುಗೆರೆಗೂ ತೂಕವಿರುತ್ತದೆ.